ಬಣವೆಗೆ ಬೆಂಕಿ ಬಿದ್ದಾಗ ಮೊದಲು ಓಡುವವರು

ನಮಸ್ಕಾರ. ಇವತ್ತು ಶಾಲಿನಿಂದಲೇ ಶುರು ಮಾಡುತ್ತೇನೆ.

ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮಳೆಗೆ ಬರ ಇರಬಹುದು, ಸತ್ಕಾರಕ್ಕೆ ಇಲ್ಲ. ಜಾತ್ರೆ ಇರಲಿ, ವಾಸ್ತುಶಾಂತಿ ಇರಲಿ, ಸೊಸೈಟಿಯ ವಾರ್ಷಿಕ ಸಭೆ ಇರಲಿ, ವೇದಿಕೆ ಹತ್ತಿದವರಿಗೆಲ್ಲ ಒಂದು ಶಾಲು, ಒಂದು ಹಾರ, ಒಂದು ಫೋಟೊ. ದೇಣಿಗೆ ಕೊಟ್ಟವರಿಗೆ ಸತ್ಕಾರ, ಕೊಡುತ್ತೇನೆ ಎಂದು ಹೇಳಿ ಕೊಡದವರಿಗೂ ಸತ್ಕಾರ. ಆದರೆ ಊರಿನಲ್ಲಿ ಎಲ್ಲಿ ಬೆಂಕಿ ಬಿದ್ದರೂ ಮೂವತ್ತು ವರ್ಷದಿಂದ ಮೊದಲು ಓಡುತ್ತಿರುವ ಮನುಷ್ಯನ ಹೆಗಲ ಮೇಲೆ ಶಾಲು ಬಿದ್ದದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಊರು ತಿಕೋಟಾದ ಕಡೆ. ಅಲ್ಲಿ ಒಬ್ಬರಿದ್ದಾರೆ, ಎಲ್ಲರೂ ಕಾಕಾ ಎನ್ನುತ್ತೇವೆ. ಹೆಸರು ಹೇಳುವುದಿಲ್ಲ, ಹೇಳಿದರೆ ಸಿಟ್ಟಾಗುತ್ತಾರೆ. ವಯಸ್ಸು ಅರವತ್ತು ದಾಟಿದೆ. ದೂರದಲ್ಲಿ ಹೊಗೆ ಕಂಡರೆ ಸಾಕು, ಅದು ಅಡುಗೆಯ ಹೊಗೆಯೋ, ಕಸದ ಹೊಗೆಯೋ, ಕಣಿಕೆಯ (ಜೋಳದ ಒಣ ದಂಟಿನ) ಬಣವೆಯ ಹೊಗೆಯೋ ಎಂದು ಬಣ್ಣ ನೋಡಿಯೇ ಹೇಳುತ್ತಾರೆ. ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ಕಟ್ಟೆಯ ಮೇಲೆ ಉಳಿಯುತ್ತದೆ.

ಮೊದಲು ಅವರು ಮಾಡುವ ಕೆಲಸ ನೀರು ತರುವುದಲ್ಲ, ಲೈನ್‌ಮನ್‌ಗೆ ಫೋನ್ ಮಾಡಿ ಕರೆಂಟ್ ತೆಗೆಸುವುದು. ಕಬ್ಬಿನ ಗದ್ದೆಗೆ ಬೆಂಕಿ ಬೀಳುವುದು ಎಷ್ಟೋ ಸಲ ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಉದುರಿದ ಕಿಡಿಯಿಂದ. ಕೆಳಗೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಹಾಸಿಕೊಂಡು ಕಾಯುತ್ತಿರುತ್ತದೆ. ತಂತಿ ಜೀವಂತವಾಗಿರುವಾಗ ನೀರು ಎರಚಲು ಹೋದರೆ ಬೆಂಕಿಗಿಂತ ಮೊದಲು ಮನುಷ್ಯ ಹೋಗುತ್ತಾನೆ.

ಆದರೆ ಕರೆಂಟ್ ತೆಗೆದ ಮೇಲೆ ಬೋರ್‌ವೆಲ್ ಮೋಟಾರೂ ಸತ್ತಂತೆಯೇ! ಮೊದಲೇ ಪಂಪ್‌ಸೆಟ್ಟಿಗೆ ಸಿಗುವ ತ್ರೀಫೇಸ್ ಲೆಕ್ಕ ದಿನಕ್ಕೆ 7 ಗಂಟೆ. ಬೆಂಕಿ ಬಿದ್ದಾಗ ಬಾವಿ ತೋಡುವುದು ಎಂಬ ಗಾದೆ ನೀವು ಕೇಳಿದ್ದೀರಿ. ನಮ್ಮಲ್ಲಿ ಬಾವಿ ತೋಡಿ, ನೀರೂ ಬಿದ್ದು, ಮೋಟಾರು ಕೂಡಿಸಿದ ಮೇಲೂ ಬೆಂಕಿ ಬಿದ್ದಾಗ ನೀರು ಸಿಗುವುದಿಲ್ಲ. ಹಾಗಾಗಿ ಕಾಕಾ ಒಂದು ಉಪಾಯ ಕಂಡುಕೊಂಡಿದ್ದಾರೆ. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಟ್ರ್ಯಾಕ್ಟರ್ ಬ್ಲೋವರ್ ಇರುತ್ತದಲ್ಲ, ಆ ಟ್ಯಾಂಕು ಟ್ರ್ಯಾಕ್ಟರಿನ ಬಲದಿಂದಲೇ ಓಡುತ್ತದೆ. ಬೇಸಿಗೆಯಲ್ಲಿ ಯಾರ ಬ್ಲೋವರಿನಲ್ಲಿ ನೀರು ತುಂಬಿದೆ, ಯಾರದು ಖಾಲಿ ಎಂಬುದು ಅವರಿಗೆ ಬಾಯಿಪಾಠ. ನಮ್ಮ ಊರಿನ ಅಗ್ನಿಶಾಮಕ ವಾಹನ ಅದೇ.

ಉಳಿದದ್ದು ಕೈಕೆಲಸ. ಹಸಿ ಗೋಣಿಚೀಲ, ಬೇವಿನ ಟೊಂಗೆ. ಗಾಳಿ ಹೋಗುವ ದಿಕ್ಕಿನಲ್ಲಿ ಮುಂದೆ ಓಡಿ ನಾಲ್ಕು ಸಾಲು ಕಬ್ಬು ಕಡಿದು, ರವದಿ ಬಳಿದು, ಬೆಂಕಿಗೆ ತಿನ್ನಲು ಏನೂ ಸಿಗದಂತೆ ಹಾದಿ ಬಿಡಿಸಬೇಕು. ಸುಡುತ್ತಿರುವ ಕಬ್ಬನ್ನು ಬಿಟ್ಟುಕೊಟ್ಟು ಇನ್ನೂ ಸುಡದ ಕಬ್ಬನ್ನು ಕಡಿಯಬೇಕು, ಅದೂ ಮಾಲೀಕ ಎದುರಿಗೆ ಎದೆ ಬಡಿದುಕೊಳ್ಳುತ್ತಿರುವಾಗ. ಈ ಮಾತನ್ನು ಆ ಹೊತ್ತಿನಲ್ಲಿ ಹೇಳಿ ಕೇಳಿಸಿಕೊಳ್ಳುವ ಅಧಿಕಾರ ಊರಿನಲ್ಲಿ ಅಧ್ಯಕ್ಷರಿಗೂ ಇಲ್ಲ, ಕಾಕಾಗೆ ಇದೆ. ಬಣವೆಯದು ಬೇರೆಯೇ ಕಥೆ. ಮೇಲೆ ಎಷ್ಟು ನೀರು ಸುರಿದರೂ ಒಳಗೆ ಕಮರುತ್ತಲೇ ಇರುತ್ತದೆ. ಎಳೆದೆಳೆದು ಬಿಚ್ಚಬೇಕು, ರಾತ್ರಿಯಿಡೀ ಕಾಯಬೇಕು. ಜನ ಊಟಕ್ಕೆ ಹೋದ ಮೇಲೆ ಅಲ್ಲಿ ಕೂರುವವರು ಇಬ್ಬರೋ ಮೂವರೋ.

101ಕ್ಕೋ 112ಕ್ಕೋ ಫೋನ್ ಮಾಡಿದರೆ ಗಾಡಿ ಬರುತ್ತದೆ. ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಅವರು ಪಟ್ಟಣದಿಂದ ಹೊರಟು, ಊರು ಮುಟ್ಟಿ, ಅಲ್ಲಿಂದ ಎರೆಮಣ್ಣಿನ ಹೊಲದ ಹಾದಿಯಲ್ಲಿ ಆ ಭಾರದ ಗಾಡಿಯನ್ನು ತರಬೇಕು. ಗಾಳಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ, ಅಷ್ಟೇ.

2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆ ಹೆಣಗಿ ಜೀವಂತ ಹೊರತೆಗೆದರು. ಇಡೀ ನಾಡು ಟಿ.ವಿ. ಮುಂದೆ ಕುಳಿತಿತ್ತು, ಆ ರಕ್ಷಕರಿಗೆ ಸಿಕ್ಕ ಚಪ್ಪಾಳೆ ನ್ಯಾಯವಾದದ್ದೇ. ಬಣವೆಯ ಬೆಂಕಿಗೆ ಕ್ಯಾಮೆರಾ ಬರುವುದಿಲ್ಲ. ಬಂದರೂ ಬೂದಿಯಾದ ಮೇಲೆ, ಪರಿಹಾರದ ಅರ್ಜಿಗೆ ಅಂಟಿಸಲು ಬೇಕಾದ ಫೋಟೊಕ್ಕೆ.

ಪರದೇಶದ ಮಾತು ಹೇಳಿ ನಮ್ಮವರನ್ನು ಚುಚ್ಚುವ ಚಟ ನನಗಿಲ್ಲ. ಆದರೂ ಕೇಳಿ. ಜರ್ಮನಿಯಲ್ಲಿ ಸುಮಾರು ಹತ್ತು ಲಕ್ಷ ಜನ ಸಂಬಳವಿಲ್ಲದೆ ಬೆಂಕಿ ಆರಿಸುತ್ತಾರೆ. ಅಮೆರಿಕದಲ್ಲಿ ಈ ಕೆಲಸದಲ್ಲಿರುವವರ ಪೈಕಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸ್ವಯಂಸೇವಕರು. ಅಲ್ಲಿನ ಹಲವು ಊರುಗಳಲ್ಲಿ ಇಂಥವರು ಇಷ್ಟು ವರ್ಷ ದುಡಿದರು ಎಂದು ಲೆಕ್ಕವಿಟ್ಟು, ಮುಪ್ಪಿನಲ್ಲಿ ಸಣ್ಣದೊಂದು ಪಿಂಚಣಿ ಕೊಡುತ್ತಾರೆ. ನನ್ನ ಕಣ್ಣು ಹೋದದ್ದು ಹಣದ ಮೇಲಲ್ಲ, ಆ ಲೆಕ್ಕದ ಮೇಲೆ. ಯಾರೋ ಒಬ್ಬರು ಬರೆದಿಟ್ಟಿದ್ದಾರೆ. ನಮ್ಮ ಪಂಚಾಯಿತಿಯಲ್ಲಿ ನಲ್ಲಿಗೆ ಲೆಕ್ಕವಿದೆ, ಬೀದಿದೀಪಕ್ಕೆ ಲೆಕ್ಕವಿದೆ, ಕಾಕಾ ಓಡಿದ ಓಟಕ್ಕೆ ಒಂದು ಸಾಲೂ ಇಲ್ಲ.

ನಮ್ಮಲ್ಲೂ ದಾರಿಗಳಿವೆ. ಗೃಹರಕ್ಷಕ ದಳವಿದೆ. ಆಪದ್ ಮಿತ್ರ ಯೋಜನೆಯಡಿ ದೇಶದ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ವಿಪತ್ತಿನಲ್ಲಿ ನೆರವಾಗುವ 12 ದಿನಗಳ ತರಬೇತಿ ಕೊಡಲು ಹೊರಟರು. ಒಳ್ಳೆಯದೇ. ಆದರೆ ಇಂಥ ಯೋಜನೆ ಹುಡುಕುವುದು ಗಟ್ಟಿ ಮೈಯ ಹರೆಯದವರನ್ನು. ಮೂವತ್ತು ವರ್ಷ ಬೆಂಕಿಯ ಜೊತೆ ಗುದ್ದಾಡಿ ಕಲಿತವರನ್ನು ಆ ಹುಡುಗರ ಮುಂದೆ ಒಂದು ದಿನ ಮಾತನಾಡಲು ಕರೆದರೆ ಅದಕ್ಕಿಂತ ದೊಡ್ಡ ಸತ್ಕಾರ ಯಾವುದು?

ಹೆಂಗಸರ ಮಾತು ಬಿಟ್ಟೆ ನೋಡಿ. ಮೊದಲ ಕೊಡ ನೀರು ಬರುವುದು ಅವರ ತಲೆಯ ಮೇಲೆ. ಕಟ್ಟಿದ ದನ ಬಿಚ್ಚಿ ಓಡಿಸುವವರೂ ಅವರೇ. ಕೇರಿಯ ಹುಡುಗರದೂ ಹಾಗೆಯೇ. ಬೆಂಕಿ ಬಿದ್ದಾಗ ಮೊದಲು ಅವರನ್ನು ಕೂಗುತ್ತೇವೆ, ಹಾರ ಹಾಕುವಾಗ ಕೂಗುವ ದನಿ ಬೇರೆ ಕಡೆ ತಿರುಗುತ್ತದೆ. ಬೆಂಕಿಗೆ ಓಡುವವರ ಹೆಸರಿನ ಪಟ್ಟಿ ಬರೆಯುವ ದಿನ ಇದನ್ನು ಮರೆತರೆ ಆ ಪಟ್ಟಿಯೇ ಬೇಡ.

ಇಂಥವರ ಹೆಸರು ಬರೆದಿಟ್ಟರೆ ಸರ್ಕಾರ ಅಗ್ನಿಶಾಮಕ ಠಾಣೆ ಕೊಡುವುದನ್ನೇ ಬಿಡುತ್ತದೆ ಎಂದು ನನ್ನ ಗೆಳೆಯ ವಾದಿಸುತ್ತಾನೆ. ಅವನ ಅನುಮಾನ ಪೂರಾ ಸುಳ್ಳಲ್ಲ. ಆದರೆ ಠಾಣೆ ಬರುವ ತನಕ ಕಾಕಾನ ಕೈ ಸುಟ್ಟರೆ ಆಸ್ಪತ್ರೆಯ ಖರ್ಚು ಯಾರದು? ಇಲ್ಲಿಯವರೆಗೆ ಅವರದೇ. ಒಂದು ವಿಮೆ ಮಾಡಿಸಲು ಊರಿಗೆ ಎಷ್ಟು ಬೇಕು? ಜಾತ್ರೆಯ ಪಟಾಕಿಯ ಖರ್ಚಿನಲ್ಲಿ ಒಂದು ಪಾಲು. ಹೌದು, ಪಟಾಕಿ. ಅದರ ಕಿಡಿ ಬಿದ್ದಾಗಲೂ ಓಡುವವರು ಅವರೇ.

ಏಪ್ರಿಲ್ 14 ಅಂಬೇಡ್ಕರ್ ಜಯಂತಿ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು, ಬೆಂಕಿ ಆರಿಸಲು ಹೋದವರು ಹತ್ತಾರು ಮಂದಿ ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಆ ದಿನದಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ನಮ್ಮ ಕಡೆ ಬಣವೆಗಳು ಉರಿಯುವ ಕಾಲವೂ ಅದೇ. ಆ ವಾರ ಊರಿನಲ್ಲಿ ಇಂಥವರ ಹೆಸರು ಓದಿಸೋಣ ಎಂದು ಪಂಚಾಯಿತಿಗೆ ಅರ್ಜಿ ಬರೆದಿಟ್ಟುಕೊಂಡಿದ್ದೇನೆ. ಒಪ್ಪಿಗೆ ಕೇಳಲು ಮೊನ್ನೆ ಕಾಕಾನ ಹತ್ತಿರ ಹೋಗಿದ್ದೆ.

"ಶಾಲು ತರಬೇಡ" ಎಂದರು. "ಅದು ಪಾಲಿಯೆಸ್ಟರು, ಕಿಡಿ ಬಿದ್ದರೆ ಕರಗಿ ಮೈಗೆ ಹತ್ತುತ್ತದೆ. ಒಂದು ಜೊತೆ ಬೂಟು ಕೊಡಿಸು. ಕಡಿದ ಕಬ್ಬಿನ ಬುಡ ಚಪ್ಪಲಿಯೊಳಗೆ ಚುಚ್ಚುತ್ತದೆ."

ಎಷ್ಟನೇ ನಂಬರು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಬೂಟು ಹಾಕಿದವರೇ ಅಲ್ಲ. ಕೊನೆಗೆ ನನ್ನ ಅರ್ಜಿಯ ಹಾಳೆಯ ಹಿಂಬದಿಯ ಮೇಲೆ ಪಾದ ಇಟ್ಟರು, ನಾನು ಸುತ್ತಲೂ ಪೆನ್ನಿನಿಂದ ಗೆರೆ ಎಳೆದುಕೊಂಡು ಬಂದೆ.