ಒಂದು ನಿಮಿಷ ಹಿಡಿ ತಿರುಗಿಸಿ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವ ಈ ಪೆಟ್ಟಿಗೆ ನೋಡಿ. ಪಕ್ಕದಲ್ಲಿ ಮಡಚುವ ಒಂದು ಹಿಡಿ, ಮೇಲೆ ಗಾಜಿನೊಳಗೆ ಒಂದು ಮುಳ್ಳು. ಇದೇ ಕೈ ಮೆಗ್ಗರ್, ವೈರಿನ ಹೊದಿಕೆಯಿಂದ (ಇನ್ಸುಲೇಶನ್) ಕರೆಂಟು ಸೋರುತ್ತಿದೆಯಾ ಅಂತ ನೋಡುವ ಮೀಟರ್; ಸೋರಿಕೆ ಕಡಿಮೆ ಇದ್ದಷ್ಟೂ ಅಂಕಿ ದೊಡ್ಡದು. ಈಗ ಬಟನ್ ಒತ್ತುವ ಬ್ಯಾಟರಿ ಮೆಗ್ಗರ್‌ಗಳೇ ಜಾಸ್ತಿ, ಆದರೆ ಕೆಲಸ ಕಲಿಯುವವರಿಗೆ ನಾನು ಇದನ್ನೇ ಕೊಡುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಆಗಲೇ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು, "ಸಾರ್, ಮುಳ್ಳು ಮಧ್ಯದಲ್ಲೇ ನಿಂತಿದೆ, ಕೆಟ್ಟಿದೆಯಾ?" ಕೆಟ್ಟಿಲ್ಲ. ಬೇರೆ ಮೀಟರ್‌ಗಳಲ್ಲಿ ಮುಳ್ಳನ್ನು ಸೊನ್ನೆಗೆ ಎಳೆದು ತರುವ ಸ್ಪ್ರಿಂಗ್ ಇರುತ್ತದೆ, ಇದರಲ್ಲಿ ಇಲ್ಲ. ಹಿಡಿ ತಿರುಗದಿದ್ದರೆ ಮುಳ್ಳು ಎಲ್ಲಿ ಬೇಕಾದರೂ ನಿಲ್ಲುತ್ತದೆ. ಒಳಗೆ ಒಂದು ಪುಟ್ಟ ಡೈನಮೊ, ಮುಳ್ಳಿನ ಕಡ್ಡಿಗೆ ಓರೆಯಾಗಿ ಕೂಡಿಸಿದ ಎರಡು ಕಾಯಿಲ್. ಒಂದು ಕಾಯಿಲ್‌ಗೆ ಡೈನಮೊದ ವೋಲ್ಟೇಜ್ ನೇರವಾಗಿ ಸಿಗುತ್ತದೆ, ಇನ್ನೊಂದರಲ್ಲಿ ನಾವು ಪರೀಕ್ಷೆ ಮಾಡುವ ವಸ್ತುವಿನಿಂದ ಸೋರಿದ ಕರೆಂಟು ಹರಿಯುತ್ತದೆ. ಒಂದು ಮುಳ್ಳನ್ನು ಆ ಕಡೆ ಎಳೆಯುತ್ತದೆ, ಇನ್ನೊಂದು ಈ ಕಡೆ. ಜಗ್ಗಾಟದಲ್ಲಿ ಎಲ್ಲಿ ಸಮ ಆಗುತ್ತದೋ ಅದೇ ರೀಡಿಂಗ್. ಎರಡಕ್ಕೂ ಅದೇ ಡೈನಮೊ ಆದ್ದರಿಂದ ನಿಮ್ಮ ಕೈ ಸ್ವಲ್ಪ ನಿಧಾನ ಆದರೂ ಉತ್ತರ ಬದಲಾಗುವುದಿಲ್ಲ. ಎಷ್ಟು ಜಾಣತನ ಅಲ್ವಾ?

ಇದರ ಹಿಂದೆ ಇದ್ದವರು ಇಂಗ್ಲೆಂಡಿನ ಸಿಡ್ನಿ ಎವರ್‌ಶೆಡ್. ಮೊದಲು ಡೈನಮೊ ಒಂದು ಪೆಟ್ಟಿಗೆ, ಕರೆಂಟಿಗೆ ಇರುವ ತಡೆಯನ್ನು ಅಳೆಯುವ ಓಮ್ ಮೀಟರ್ ಇನ್ನೊಂದು ಪೆಟ್ಟಿಗೆ. ಎರಡನ್ನೂ ಒಂದೇ ಪೆಟ್ಟಿಗೆಗೆ ತಂದಾಗ ಹೊತ್ತುಕೊಂಡು ಓಡಾಡುವುದು ಸುಲಭ ಆಯಿತು. ಮೆಗ್ಗರ್ ಅನ್ನುವುದು ಅವರ ಎವರ್‌ಶೆಡ್ ಅಂಡ್ ವಿಗ್ನೋಲ್ಸ್ ಕಂಪನಿ 1903ರಲ್ಲಿ ರಿಜಿಸ್ಟರ್ ಮಾಡಿಸಿದ ಹೆಸರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು 1902ರಲ್ಲಿ, ಅಂದರೆ ನಮ್ಮ ಕರೆಂಟು ಈ ಹೆಸರಿಗಿಂತ ಒಂದು ವರ್ಷ ದೊಡ್ಡದು. ಈಗ ಯಾವ ಕಂಪನಿಯದಾದರೂ ನಮಗೆ ಅದು ಮೆಗ್ಗರ್ರೇ.

"ಮಲ್ಟಿಮೀಟರ್ ಇದೆಯಲ್ಲ, ಇದು ಯಾಕೆ?" ಅನ್ನುತ್ತೀರಿ. ಸೈಕಲ್ ಟ್ಯೂಬನ್ನು ಸುಮ್ನೆ ಕೈಯಲ್ಲಿ ಹಿಡಿದು ನೋಡಿದರೆ ಪಂಕ್ಚರ್ ಕಾಣುತ್ತದಾ? ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಬೇಕು. ಮಲ್ಟಿಮೀಟರ್ ಒಳಗಿರುವುದು ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿ. ಈ ಹಿಡಿಯನ್ನು ನಿಮಿಷಕ್ಕೆ ಸುಮಾರು 160 ಸುತ್ತು ತಿರುಗಿಸಿದರೆ ಬರುವುದು 500 ವೋಲ್ಟ್ ಡಿಸಿ. ಸಣ್ಣ ಸೋರಿಕೆ ಕಾಣಬೇಕಾದರೆ ಅಷ್ಟು ಒತ್ತಡ ಬೇಕು.

ಶುರು ಮಾಡುವ ಮೊದಲು ಮೇನ್ ಆಫ್. ಎರಡು ವೈರ್ ಬಿಡಿಯಾಗಿಟ್ಟು ತಿರುಗಿಸಿದರೆ ಮುಳ್ಳು ಇನ್ಫಿನಿಟಿಗೆ ಹೋಗಬೇಕು, ಒಂದಕ್ಕೊಂದು ತಾಗಿಸಿದರೆ ಸೊನ್ನೆಗೆ. ಮನೆ ವೈರಿಂಗ್ ಆದರೆ ಬಲ್ಬು, ಟಿವಿ, ಇನ್ವರ್ಟರ್ ಎಲ್ಲ ಬಿಡಿಸಿಡಿ. ಎಲೆಕ್ಟ್ರಾನಿಕ್ ಸಾಮಾನಿಗೆ ಈ 500 ವೋಲ್ಟ್ ತಡೆಯುವುದಿಲ್ಲ.

ಈಗ ಮೆಗ್ಗರ್‌ನ ಲೈನ್ ವೈರನ್ನು ಮೋಟರ್ ವೈಂಡಿಂಗ್‌ಗೆ, ಅಂದರೆ ಒಳಗಿನ ತಂತಿ ಸುತ್ತಿಗೆ, ಅರ್ತ್ ವೈರನ್ನು ಮೋಟರಿನ ಲೋಹದ ಬಾಡಿಗೆ ಹಾಕಿದೆ. ಬಣ್ಣ ಕೆರೆದು ಹಾಕಿದೆ, ಗಮನಿಸಿ. ಬಣ್ಣದ ಮೇಲೆ ಹಾಕಿದರೆ ಎಲ್ಲ ಮೋಟರೂ ಒಳ್ಳೆಯದೇ! ತಿರುಗಿಸುತ್ತಿದ್ದೇನೆ. ಮುಳ್ಳು ಮೊದಲು ಕೆಳಗೆ ಬಿತ್ತು, ಈಗ ಮೆಲ್ಲಗೆ ಮೇಲೆ ಹತ್ತುತ್ತಿದೆ. ನಾನು ಇವತ್ತು ತೋರಿಸಬೇಕು ಅಂದುಕೊಂಡಿದ್ದು ಇದನ್ನೇ, ಕಲಿಯುವವರಿಗೆ ಈ ಮುಳ್ಳಿನ ಮೆಗ್ಗರ್ ಕೊಡುವುದೂ ಇದಕ್ಕೇ. ಎಲ್ಲರೂ ನಿಂತ ಅಂಕಿ ಬರೆದುಕೊಳ್ಳುತ್ತಾರೆ, ಅದು ಹತ್ತಿದ ರೀತಿ ನೋಡುವುದಿಲ್ಲ. ಒಣಗಿದ, ಶುಚಿಯಾದ ವೈಂಡಿಂಗ್ ಆದರೆ ಮುಳ್ಳು ನಿಮಿಷ ಆದರೂ ಹತ್ತುತ್ತಲೇ ಇರುತ್ತದೆ, ತೇವ ಕುಡಿದಿದ್ದರೆ ಬೇಗನೆ ನಿಂತುಬಿಡುತ್ತದೆ. ದೊಡ್ಡ ಮೋಟರ್‌ಗಳಲ್ಲಿ 10ನೇ ನಿಮಿಷದ ರೀಡಿಂಗನ್ನು 1ನೇ ನಿಮಿಷದ್ದರಿಂದ ಭಾಗಿಸಿ ನೋಡುವುದೂ ಇದಕ್ಕೇ. ನಮ್ಮ 1956ರ ವಿದ್ಯುತ್ ನಿಯಮಗಳೂ 500 ವೋಲ್ಟ್ ಡಿಸಿಯನ್ನು ಒಂದು ನಿಮಿಷ ಕೊಟ್ಟಾಗ ಕನಿಷ್ಠ 1 ಮೆಗಾ ಓಮ್ (ಹತ್ತು ಲಕ್ಷ ಓಮ್) ಇರಬೇಕು ಅನ್ನುತ್ತಿದ್ದವು. ನೋಡಿ, ಅಲ್ಲೂ ಒಂದು ನಿಮಿಷ.

ನಾನು ಇದನ್ನು ಕಲಿತದ್ದು ಬೈಸಿಕೊಂಡು. ಒಂದು ತೋಟದ 5 ಎಚ್‌ಪಿ ಮೋಟರ್, ಮಳೆಗಾಲ ಪೂರ್ತಿ ಓಡಿರಲಿಲ್ಲ. ಮೆಗ್ಗರ್ ಹಾಕಿದೆ, ಎರಡು ಸುತ್ತು ತಿರುಗಿಸಿದೆ, ಮುಳ್ಳು ಸೊನ್ನೆಯ ಪಕ್ಕ. "ಬಾಡಿ ಆಗಿದೆ ಯಜಮಾನ್ರೇ, ರಿವೈಂಡಿಂಗ್ ಮಾಡಿಸಬೇಕು" ಅಂದುಬಿಟ್ಟೆ. ಬಾಡಿ ಆಗುವುದು ಅಂದರೆ ವೈಂಡಿಂಗ್ ತಂತಿ ಮೋಟರಿನ ಬಾಡಿಗೆ ತಾಗುವುದು. ನಮ್ಮ ಮೇಸ್ತ್ರಿ ಬಂದು "ಸೊನ್ನೆಯಾ, ಸೊನ್ನೆಯ ಪಕ್ಕವಾ?" ಅಂತ ಕೇಳಿದರು. ನಿಜವಾಗಿ ಬಾಡಿ ಆಗಿದ್ದರೆ ಮುಳ್ಳು ಸೊನ್ನೆಯಲ್ಲೇ ಸತ್ತು ಬಿದ್ದಿರುತ್ತದೆ. ಕನೆಕ್ಷನ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ಒದ್ದೆ ಮಣ್ಣು, ಇರುವೆ ಗೂಡು. ಬ್ರಶ್ ಹಾಕಿ ಒಣ ಬಟ್ಟೆಯಲ್ಲಿ ಒರೆಸಿದ ಮೇಲೆ ಅರ್ಧ ಮೆಗಾ ಓಮ್ ಬಂತು. ಆಮೇಲೆ ರೋಟರ್ ತೆಗೆದು, ಒಳಗೆ 200 ವ್ಯಾಟ್ ಬಲ್ಬ್ ಉರಿಸಿ, ಮೇಲೆ ತಗಡು ಮುಚ್ಚಿ ರಾತ್ರಿಯೆಲ್ಲ ಬಿಟ್ಟೆವು. ಬೆಳಿಗ್ಗೆ ಬಿಸಿ ಇದ್ದಾಗ ನೋಡಿದರೆ ಬರೀ 4. ನನಗೆ ಮುಖ ಸಪ್ಪಗಾಯಿತು. "ತಣ್ಣಗಾಗಲಿ ತಡಿ" ಅಂದರು. ಮಧ್ಯಾಹ್ನಕ್ಕೆ 20 ದಾಟಿತ್ತು. ಬಿಸಿ 10 ಡಿಗ್ರಿ ಜಾಸ್ತಿ ಆದರೆ ರೀಡಿಂಗ್ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನನ್ನ ತಲೆಗೆ ಹೋಗಿದ್ದು ಅವತ್ತು. ಅದಕ್ಕೇ ರೀಡಿಂಗ್ ಪಕ್ಕದಲ್ಲಿ ಮೋಟರ್ ಬಿಸಿ ಇತ್ತಾ, ತಣ್ಣಗಿತ್ತಾ ಅಂತಲೂ ಬರೆಯಿರಿ.

ಇನ್ನು ಈ ಕೇಬಲ್ ಸುರುಳಿ. ಉದ್ದ ಕೇಬಲ್ ಅಂದರೆ ಕೆಪಾಸಿಟರ್ ಇದ್ದಂತೆ, ಮೆಗ್ಗರ್ ಕೊಟ್ಟ ಕರೆಂಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ಮಾತ್ರ ಕೈ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಮುಳ್ಳು ಕುಣಿಯುತ್ತದೆ. ಕೆಲವು ಮೆಗ್ಗರ್‌ಗಳಲ್ಲಿ ಇದಕ್ಕೇ ಕ್ಲಚ್ ಇರುತ್ತದೆ, ಜೋರಾಗಿ ತಿರುಗಿಸಿದರೂ ಡೈನಮೊ ಒಂದೇ ವೇಗದಲ್ಲಿ ಓಡುತ್ತದೆ. ಟೆಸ್ಟ್ ಮುಗಿದ ಮೇಲೆ ತುದಿಯನ್ನು ಅರ್ತ್‌ಗೆ ತಾಗಿಸಿ, ತಿರುಗಿಸಿದ ಹೊತ್ತಿನ ನಾಲ್ಕು ಪಟ್ಟಾದರೂ ಹಾಗೇ ಬಿಡಿ. ನಿಮ್ಮನ್ನು ಒಳಗೆ ಕರೆಯುವ ಮೊದಲು ಇದಕ್ಕೆ ಒಂದು ನಿಮಿಷ ಮೆಗ್ಗರ್ ಹಾಕಿದ್ದೆ, ಅರ್ತ್ ಮಾಡಿಲ್ಲ. ಆ ಕೆಂಪು ತುದಿಯಿಂದ ಸ್ವಲ್ಪ ದೂರ ಕೂತುಕೊಳ್ಳಿ.