ಫೋನ್ ಹೋಗದ ಮನೆಗಳು

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಸುಮಾರು ಐದು ಜನರಲ್ಲಿ ಒಬ್ಬರು ಹಿಸ್ಪಾನಿಕ್. ಅಂದರೆ ಮೆಕ್ಸಿಕೋ, ಗ್ವಾಟೆಮಾಲಾದಂಥ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು. ಇವರಲ್ಲಿ ಎಷ್ಟೋ ಜನ ಪೊಲೀಸರನ್ನು ಯಾಕೆ ನಂಬುವುದಿಲ್ಲ? ಉತ್ತರ ಚಿಕ್ಕದು. ದೂರು ಕೊಡಲು ಬಂದವರ ಹತ್ತಿರ ಆ ದೇಶದಲ್ಲಿರಲು ಅನುಮತಿಯ ಕಾಗದಪತ್ರ ಕೇಳುತ್ತಾರೆ, ಇಲ್ಲದಿದ್ದರೆ ದೇಶದಿಂದ ಹೊರಹಾಕುತ್ತಾರೆ ಎಂಬ ಭಯ.

2017ರಲ್ಲಿ ನಾನು ಹ್ಯೂಸ್ಟನ್‌ನಲ್ಲಿದ್ದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಿದ್ದ ಹೆಂಗಸು ಒಂದು ಬೆಳಿಗ್ಗೆ ಬಂದಾಗ ತುಟಿ ಊದಿಕೊಂಡಿತ್ತು. ಬಸ್ ಸ್ಟಾಪಿನಲ್ಲಿ ಒಬ್ಬ ಹೊಡೆದು ವಾರದ ಸಂಬಳ ಕಿತ್ತುಕೊಂಡಿದ್ದ. "911ಕ್ಕೆ ಫೋನ್ ಮಾಡೋಣ" ಅಂದೆ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಹೊಡೆದವನ ಗುರುತಿದೆಯಾ?" ಇದೆ, ಅವರ ಬೀದಿಯವನೇ! ಮತ್ತೇಕೆ ಬೇಡ? ಇಬ್ಬರು ಮಕ್ಕಳೂ ಅಲ್ಲೇ ಹುಟ್ಟಿದವರು, ಅಮೆರಿಕದ ಪ್ರಜೆಗಳು. ಗಂಡನಿಗೆ ಮಾತ್ರ ಕಾಗದ ಇಲ್ಲ. "ಪೊಲೀಸರು ಬಂದರೆ ಬಾಗಿಲು ತೆಗೆಯುವುದು ಅವನೇ ಅಲ್ವಾ" ಅಂದರು. ತುಟಿಗೆ ಐಸ್ ಒತ್ತಿಕೊಂಡು ಎರಡು ಮಹಡಿ ಒರೆಸಿ ಹೋದರು. ಮುಂದಿನ ವಾರ ಅದೇ ಹುಡುಗ ಅವರ ಪಕ್ಕದ ಮನೆಯವರನ್ನು ದೋಚಿದ. ಈ ಮನೆಗಳಿಂದ ಫೋನ್ ಹೋಗುವುದಿಲ್ಲ ಅಂತ ಕಳ್ಳನಿಗೆ ಚೆನ್ನಾಗಿ ಗೊತ್ತು.

ಆ ವರ್ಷದ ಮೊದಲ 3 ತಿಂಗಳಲ್ಲಿ ಹ್ಯೂಸ್ಟನ್‌ನ ಹಿಸ್ಪಾನಿಕ್ ಜನರಿಂದ ಬಂದ ಅತ್ಯಾಚಾರದ ದೂರುಗಳು ಹಿಂದಿನ ವರ್ಷಕ್ಕಿಂತ ಶೇ. 40ಕ್ಕೂ ಜಾಸ್ತಿ ಇಳಿದವು. ಹೇಳಿದ್ದು ಆಗ ಅಲ್ಲಿನ ಪೊಲೀಸ್ ಮುಖ್ಯಸ್ಥರಾಗಿದ್ದ ಆರ್ಟ್ ಅಸೆವೆಡೊ ಅವರೇ. ಉಳಿದವರ ದೂರುಗಳು ಏರಿದ್ದವು. ಇದನ್ನು ನೋಡಿ ಅಪರಾಧ ಕಡಿಮೆಯಾಯಿತು ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ಕಾಗದ ಕೇಳುತ್ತಾರೆ ಅನ್ನಿಸಿದರೆ ಯಾರು ಸ್ಟೇಷನ್ ಮೆಟ್ಟಿಲು ಹತ್ತುತ್ತಾರೆ, ಹೇಳಿ?

ಇದು ಹೊಸದಾಗಿ ಕಂಡುಹಿಡಿಯಬೇಕಾದ ವಿಷಯವೇ ಅಲ್ಲ. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆ 1979ರಲ್ಲೇ '40ನೇ ವಿಶೇಷ ಆದೇಶ' ಹೊರಡಿಸಿತ್ತು. ಕಾಗದ ಇದೆಯೋ ಇಲ್ಲವೋ ಎಂದು ತಿಳಿಯುವುದಕ್ಕಾಗಿಯೇ ಯಾರ ಮೇಲೂ ಕ್ರಮಕ್ಕೆ ಇಳಿಯಬೇಡಿ ಎಂಬ ಆದೇಶ ಅದು. ಅರಿಜೋನಾದ ಮಾರಿಕೋಪಾ ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಮುಖ್ಯಸ್ಥರಾಗಿದ್ದ ಶೆರಿಫ್ ಜೋ ಅರ್ಪಾಯೊ ಉಲ್ಟಾ ದಾರಿ ಹಿಡಿದರು. ಅವರ ಸಿಬ್ಬಂದಿ ಜನಾಂಗ ನೋಡಿ ಗಾಡಿ ತಡೆಯುತ್ತಿದ್ದಾರೆ ಎಂದು 2013ರಲ್ಲಿ ಕೋರ್ಟೇ ಹೇಳಿತು.

ಸಮಯ ಮುಗಿಯುತ್ತಾ ಬಂತು. ಯು ವೀಸಾ ಬಗ್ಗೆ ಒಂದೇ ಮಾತು. ಕೆಲವು ಗಂಭೀರ ಅಪರಾಧಗಳಲ್ಲಿ ನೊಂದವರು ತನಿಖೆಗೆ ನೆರವಾದರೆ ಅಲ್ಲೇ ಉಳಿಯಲು ಅವಕಾಶ ಕೊಡುವ ಈ ವೀಸಾ 2000ದ ಕಾನೂನಿನಿಂದ ಬಂತು. ನೊಂದವರಿಗೆ ವರ್ಷಕ್ಕೆ 10,000 ಮಾತ್ರ. ಸಾಲು ಎಷ್ಟೋ ವರ್ಷಗಳಷ್ಟು ಉದ್ದ. ನಮ್ಮ ಆ ಹೆಂಗಸಿಗೆ ಅಂಥದ್ದೊಂದು ಇದೆ ಅಂತ ಯಾರೂ ಹೇಳಿರಲಿಲ್ಲ. ನಮಸ್ಕಾರ.