ಕೆಮ್ಮಣ್ಣಿನಲ್ಲಿ ಕಬ್ಬಿಣಕ್ಕಾಗಿ ಕಿತ್ತಾಟ: ಟೊಮೆಟೊ ಸೊರಗು ರೋಗ

[ದೃಶ್ಯ: ಮುಳಬಾಗಿಲು ಬಳಿಯ ಟೊಮೆಟೊ ತೋಟ. ಹಸಿರಾಗಿಯೇ ಜೋತುಬಿದ್ದ ಒಂದು ಗಿಡ]

ಎಲೆ ಹಳದಿಯಾಗಿಲ್ಲ, ಚುಕ್ಕೆಯೂ ಇಲ್ಲ. ಮೊನ್ನೆ ನೆಟ್ಟಗಿದ್ದ ಗಿಡ ಇವತ್ತು ಕುದಿನೀರು ಸುರಿದಂತೆ ಬಾಡಿದೆ. ನೀರು ಸಾಲದೆಂದು ಡ್ರಿಪ್ ತಿರುಗಿಸುವ ಮುನ್ನ ಒಂದು ಗಾಜಿನ ಲೋಟ ತನ್ನಿ.

[ಸಮೀಪದಿಂದ: ಬುಡದ ಕಾಂಡ ಕತ್ತರಿಸಿ ತಿಳಿನೀರಿಗೆ ಇಳಿಬಿಡುವುದು]

ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿಯಿತೇ? ಹಾಗಾದರೆ ಇದು ದುಂಡಾಣು ಸೊರಗು ರೋಗ. ರಾಲ್‌ಸ್ಟೋನಿಯಾ ಎಂಬ ದುಂಡಾಣು ಬೇರಿನ ಗಾಯದಿಂದ ಒಳಹೊಕ್ಕು, ನೀರು ಏರುವ ನಾಳಗಳಲ್ಲಿ ಲೋಳೆ ತುಂಬಿಸಿದೆ. ಈ ಗಿಡಕ್ಕೆ ಇನ್ನು ಮದ್ದಿಲ್ಲ. ಬೇರುಸಮೇತ ಕಿತ್ತು ಸುಡಿ. ಮಾತೇನಿದ್ದರೂ ಮುಂದಿನ ನಾಟಿಯದು.

[ಅಂಗೈಯಲ್ಲಿ ಕೆಮ್ಮಣ್ಣು]

ಕೋಲಾರದ ಈ ಮಣ್ಣಿಗೆ ಕೆಂಪು ಬಂದದ್ದು ಕಬ್ಬಿಣದಿಂದ. ಆದರೆ ಅದು ತುಕ್ಕಿನ ರೂಪದಲ್ಲಿದೆ, ನೀರಿನಲ್ಲಿ ಕರಗುವುದು ಅತ್ಯಲ್ಪ. ಕಣಜದ ತುಂಬ ರಾಗಿ, ಬಾಗಿಲಿಗೆ ಬೀಗ! ಸೂಡೋಮೊನಾಸ್ ಫ್ಲೋರೆಸೆನ್ಸ್ ಎಂಬ ಉಪಕಾರಿ ದುಂಡಾಣುವಿನ ಬಳಿ ಆ ಬೀಗದ ಕೈಯಿದೆ. ಹಳದಿ ಮಿಶ್ರಿತ ಹಸಿರು ವಸ್ತುವೊಂದನ್ನು ಸ್ರವಿಸಿ ಅದು ಕಬ್ಬಿಣವನ್ನು ತನ್ನತ್ತ ಎಳೆದುಕೊಳ್ಳುತ್ತದೆ; ಬೇರಿನ ಸುತ್ತ ರೋಗಾಣುವಿಗೆ ಉಳಿಯುವುದು ಕಡಿಮೆ. ನೇರಳಾತೀತ ಬೆಳಕಿನಲ್ಲಿ ಹೊಳೆಯುವುದೂ ಈ ವಸ್ತುವೇ, 'ಫ್ಲೋರೆಸೆನ್ಸ್' ಎಂಬ ಹೆಸರೂ ಅದರಿಂದಲೇ. ಜೊತೆಗೆ ಇದು ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತದೆ.

ಒಂದು ಕಿವಿಮಾತು. ಕಬ್ಬಿಣ ಸುಲಭವಾಗಿ ಸಿಕ್ಕರೆ ಈ ದುಂಡಾಣು ಆ ವಸ್ತುವನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಆದ್ದರಿಂದ ಇದರ ಜೊತೆಯಲ್ಲೇ ಬುಡಕ್ಕೆ ಕಬ್ಬಿಣದ ಪೋಷಕಾಂಶ ಸುರಿಯುವುದು ನನಗಂತೂ ಸರಿಯೆನಿಸದು. ಕೊರತೆ ಕಂಡರೆ ಎಲೆಗೆ ಸಿಂಪಡಿಸಿ.

[ನೆರಳಿನಲ್ಲಿ ಕೊಟ್ಟಿಗೆ ಗೊಬ್ಬರದ ಗುಡ್ಡೆ]

ಕಿಲೋ ಬೀಜಕ್ಕೆ 10 ಗ್ರಾಂ ಸೂಡೋಮೊನಾಸ್ ಪುಡಿಯಿಂದ ಬೀಜೋಪಚಾರ ಮಾಡಿ. ಕಳಿತ ಕೊಟ್ಟಿಗೆ ಗೊಬ್ಬರಕ್ಕೂ ಬೆರೆಸಿ, ತೇವವಾರದಂತೆ ನೆರಳಿನಲ್ಲಿಟ್ಟು, ನಾಟಿಗೆ ಮೊದಲೇ ಮಡಿಗೆ ಸೇರಿಸಿ. ಕಳ್ಳ ನುಗ್ಗಿದ ಮೇಲೆ ಕಾವಲುಗಾರನನ್ನು ಕರೆದು ಫಲವಿಲ್ಲ. ಬ್ಲೀಚಿಂಗ್ ಪುಡಿ, ತಾಮ್ರದ ಔಷಧಿಗಳನ್ನು ಇದರ ಜೊತೆ ಬೆರೆಸಿದಿರೋ, ಕಾವಲುಗಾರನೇ ಸತ್ತ.

ಖನಿಜಗಳಲ್ಲಿ ಕ್ಯಾಲ್ಸಿಯಂ ಮುಖ್ಯ. ಅದು ಚೆನ್ನಾಗಿ ದೊರೆತ ಟೊಮೆಟೊ ಗಿಡಗಳು ಈ ರೋಗವನ್ನು ಹೆಚ್ಚು ತಾಳಿಕೊಂಡದ್ದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹುಳಿ ಮಣ್ಣಿಗೆ ಸುಣ್ಣ, ಉಳಿದಲ್ಲಿ ಜಿಪ್ಸಂ. ಯಾವುದೆಂಬುದನ್ನು ಮಣ್ಣು ಪರೀಕ್ಷೆ ಹೇಳಲಿ, ಅಂಗಡಿಯವರಲ್ಲ. ಸಿಲಿಕಾನ್ ಕೂಡ ರೋಗ ತಗ್ಗಿಸಿದ ಉದಾಹರಣೆಗಳಿವೆ.

ಇಷ್ಟೆಲ್ಲ ಮಾಡಿಯೂ ಟೊಮೆಟೊ ತೆಗೆದ ಹೊಲಕ್ಕೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಿದರೆ ರೋಗಾಣುವಿಗೆ ಮತ್ತೆ ಊಟ ಬಡಿಸಿದಂತೆ. ನಡುವೆ ರಾಗಿಯೋ ಜೋಳವೋ ಬರಲಿ.

[ಮತ್ತೆ ಲೋಟ]

ಹಾಂ, ಈ ಲೋಟದ ನೀರನ್ನು ತೋಟದಲ್ಲಿ ಚೆಲ್ಲಬೇಡಿ. ಕಾಂಡ ಕತ್ತರಿಸಿದ ಚಾಕುವನ್ನೂ ತೊಳೆಯದೆ ಪಕ್ಕದ ಸಾಲಿಗೆ ಒಯ್ಯಬೇಡಿ.